ಗೋದಾಬಾಯಿಯ ಪಾಲಿನ ಗಾಳಿ

ತಪ್ಪು ಒಂದೂವರೆ ಅಡಿ ಉದ್ದವಿತ್ತು, ಎಂಟು ಅಂಗುಲ ಅಗಲ. ಹದಿನಾಲ್ಕು ತಿಂಗಳಿಂದ ಚೆನ್ನೈಯ ಕೀಲ್ಪಾಕ್‌ನ ಒಂದು ಮನೆಯ ಫಾಲ್ಸ್ ಸೀಲಿಂಗಿನ ಮೇಲೆ, ಕತ್ತಲಲ್ಲಿ, ಅದು ಬೆವರುತ್ತ ಕೂತಿತ್ತು. ಅದು ಅಲ್ಲಿದೆ ಎಂದು ಗೊತ್ತಿರುವುದು ತನಗೆ ಮತ್ತು ತಗಡಿನ ಕೆಲಸ ಮಾಡಿದ ದೇಸಿಂಗುವಿಗೆ ಮಾತ್ರ ಎಂದು ಆ ಮನೆಗೆ ಎಸಿ ಹಾಕಿಸಿದ ಎಂಜಿನಿಯರ್ ಸಿದ್ಧಲಿಂಗೇಶ್ ನಂಬಿದ್ದ. ಶನಿವಾರ ಬೆಳಿಗ್ಗೆ ಪೋರೂರಿನ ಸಿಗ್ನಲಿನಲ್ಲಿ ಬೈಕಿನ ಮೇಲೆ ಕಾಯುತ್ತ ನಿಂತಾಗಲೂ ಅವನು ಲೆಕ್ಕ ಹಾಕುತ್ತಿದ್ದುದು ಅದನ್ನೇ: ಏಣಿ ಹತ್ತಲು ಐದು ನಿಮಿಷ, ಆ ತುಂಡು ಬಿಚ್ಚಲು ಇಪ್ಪತ್ತು, ಎರಡೂ ಬದಿಯ ತೂತಿಗೆ ತಗಡಿನ ಮುಚ್ಚಳ ಬಡಿಯಲು ಅರ್ಧ ಗಂಟೆ. ಆಮೇಲೆ ಏನೂ ಇರುವುದಿಲ್ಲ. ನಿನ್ನೆ ಮನೆಯ ಯಜಮಾನ ವಿಠ್ಠಲ ಫೋನು ಮಾಡಿ, ಪ್ಯಾಸೇಜಿನ ಸೀಲಿಂಗಿನಲ್ಲಿ ತಟ್ಟೆಯಗಲ ಹಳದಿ ಕಲೆ ಎದ್ದಿದೆ, ಸೋಮವಾರ ತನ್ನ ಭಾವ ತಿರುಮಲ ಬಂದು ಬೋರ್ಡು ಒಡೆಸಿ ನೋಡುತ್ತಾನೆ, ಅವನೂ ಕಟ್ಟಡದ ಎಂಜಿನಿಯರೇ, ಅದಕ್ಕೆ ಮುಂಚೆ ನೀವೊಮ್ಮೆ ಬಂದುಹೋದರೆ ಒಳ್ಳೆಯದು ಎಂದಿದ್ದ. ಆ ಸ್ವರದಲ್ಲಿ ಬೆದರಿಕೆಯಿರಲಿಲ್ಲ, ಸೌಜನ್ಯವಿತ್ತು. ಸೌಜನ್ಯವನ್ನು ಸಿದ್ಧಲಿಂಗೇಶ್ ಸಹಿಸುತ್ತಿರಲಿಲ್ಲ. ತಮ್ಮ ಮನೆಯ ಗಾಳಿಯನ್ನು ಇನ್ನೊಬ್ಬನ ಕೈಗೆ ಕೊಟ್ಟು, ಆಮೇಲೆ ಅವನಿಗೆ ಥ್ಯಾಂಕ್ಯೂ ಹೇಳುವ ಈ ಜನ. ತಣ್ಣಗಿರಬೇಕು, ಆದರೆ ಯಂತ್ರ ಕಾಣಬಾರದು. ಗಾಳಿ ಬರಬೇಕು, ಆದರೆ ಸದ್ದಾಗಬಾರದು. ವಿಠ್ಠಲ ಮತ್ತು ಅವನ ಹೆಂಡತಿ ಸುಮೇಧಾ ಮಲಗುವ ಕೋಣೆಯ ಮಾತು ಗಾಳಿ ಹರಿಯುವ ತಗಡಿನ ಡಕ್ಟಿನೊಳಗಿಂದ ಹಾಲಿಗೆ ಹರಿಯದಿರಲಿ ಎಂದು ಆ ಒಂದು ಕವಲಿಗೆ ಒಳಗಡೆಯೂ ಹತ್ತಿಯಂಥ ಅಸ್ತರು ತಾನೇ ಹಾಕಿಸಿದ್ದ. ಅಲ್ಲಿ ಅಷ್ಟು ಗುಟ್ಟಿನ ಮಾತು ಏನಿರುತ್ತದೆ ಎಂದು ಆಗ ಮನಸ್ಸಿನಲ್ಲೇ ನಕ್ಕಿದ್ದ.

ಬೆಳಿಗ್ಗೆ ಮನೆ ಬಿಡುವಾಗ ತಾಯಿ ಸುವರ್ಣಮ್ಮ ಎಡ ಅಂಗೈಯಲ್ಲಿ ಲಿಂಗ ಹಿಡಿದು ಕಣ್ಣು ಮುಚ್ಚಿ ಕೂತಿದ್ದಳು. ಅವಳ ಮಣೆ ಬೇರೆ, ಅವಳ ತಂಬಿಗೆ ಬೇರೆ, ಪೂಜೆ ಮುಗಿಯುವ ತನಕ ಯಾರೂ ಆ ಮೂಲೆಗೆ ಹೋಗುವಂತಿಲ್ಲ. ಬಾಗಿಲು ಎಳೆದುಕೊಳ್ಳುವಾಗ ಕಣ್ಣು ತೆರೆಯದೆ, ‘ಕೊಳ್ಳಾಗ ಹಾಕ್ಕೊಂಡಿ ಏನು?’ ಎಂದು ಕೇಳಿದಳು. ‘ಹೂಂ’ ಎಂದ. ಅವನ ಲಿಂಗ ಆರು ವರ್ಷದಿಂದ ಬೀರುವಿನ ಡ್ರಾಯರಿನಲ್ಲಿ, ಹಳೆಯ ಚಾರ್ಜರುಗಳ ನಡುವೆ ಇದೆಯೆಂದು ಅವಳಿಗೂ ಗೊತ್ತು. ದಿನಾ ಕೇಳುತ್ತಾಳೆ, ದಿನಾ ಹೂಂ ಎನ್ನುತ್ತಾನೆ. ಅವಳ ಪ್ರಶ್ನೆಯಲ್ಲಿ ನಂಬಿಕೆಯಿಲ್ಲ, ಅವನ ಉತ್ತರದಲ್ಲಿ ಸುಳ್ಳಿನ ಶ್ರಮ ಕೂಡ ಇಲ್ಲ. ಇದನ್ನು ಸಂಸಾರ ಎನ್ನುತ್ತಾರೆ. ಸಿಗ್ನಲ್ ಬಿಟ್ಟಿತು. ಹಿಂದಿನ ಆಟೋದವನು ಹಾರನ್ನಿನ ಮೇಲೆ ಕೈಯಿಟ್ಟುಕೊಂಡೇ ಹುಟ್ಟಿದವನಂತೆ ಕೂಗಿಸುತ್ತಿದ್ದ.

ಕೀಲ್ಪಾಕ್‌ನ ಮನೆಯಲ್ಲಿ ಸುಮೇಧಾ ಬಾಗಿಲು ತೆರೆದು, ನಕ್ಕು, ಲ್ಯಾಪ್‌ಟಾಪಿನ ಮುಂದೆ ಹೋಗಿ ಕೂತಳು. ವಿಠ್ಠಲ ಅರ್ಧ ಚಡ್ಡಿಯಲ್ಲಿದ್ದ. ಎಪ್ಪತ್ತು ವರ್ಷದಿಂದ ಮದರಾಸಿನಲ್ಲಿರುವ ಮನೆತನದ ಕನ್ನಡ ಅವನ ಬಾಯಲ್ಲಿ ತೊಳೆದು ತೊಳೆದು ತೆಳುವಾದ ಬಟ್ಟೆಯಂತಿತ್ತು. ‘ಪಾರುಂಗೋ ಸಾರ್, ಇಲ್ಲಿ. ಮೊದಲು ಚಿಕ್ಕದಾಗಿ ಇತ್ತು, ಈಗ ಇಷ್ಟು ದೊಡ್ಡದು ಆಗೋಯ್ತು’ ಎಂದು ಕಲೆಯನ್ನು ಮಗುವಿನ ಬೆಳವಣಿಗೆಯಂತೆ ತೋರಿಸಿದ. ಸಿದ್ಧಲಿಂಗೇಶ್ ತಲೆಯೆತ್ತಿ ನೋಡಿದ. ಕಲೆಯ ಅಂಚಿನಲ್ಲಿ ಕಂದು ಗೆರೆ, ಒಳಗೆ ಇನ್ನೊಂದು ಗೆರೆ. ಹದಿನಾಲ್ಕು ತಿಂಗಳು ಹನಿಹನಿಯಾಗಿ ಇಳಿದದ್ದು ತನ್ನ ಗುರುತನ್ನು ವೃತ್ತ ವೃತ್ತವಾಗಿ ಬರೆದಿಟ್ಟಿತ್ತು. ಎಲ್ಲೋ ಹೊದಿಕೆ ಬಿಟ್ಟಿರಬೇಕು, ಚೆನ್ನೈ ಗಾಳಿಯ ತೇವ ತಣ್ಣಗಿನ ತಗಡಿಗೆ ತಗುಲಿದರೆ ನೀರು ಕಟ್ಟುತ್ತದೆ, ಐಸ್‌ನೀರಿನ ಲೋಟದ ಹಾಗೆ, ಎಂದು ವಿವರಿಸಿದ. ಅದು ನಿಜ. ನಿಜವನ್ನು ಹೇಳುತ್ತಲೇ ಸುಳ್ಳು ಹೇಳುವುದು ಎಷ್ಟು ಸಲೀಸು ಎಂದುಕೊಂಡ. ವಿಠ್ಠಲ ‘ಸೆರಿ ಸೆರಿ’ ಎಂದು, ಸೀಲಿಂಗಿನ ಮೇಲೆ ಹೋಗುವ ಮುಚ್ಚಳ ಅಮ್ಮನ ಕೋಣೆಯಲ್ಲೇ ಇರುವುದಲ್ಲವೇ, ಅವಳದ್ದು ಪೂಜೆ ಆಗಿದೆಯೋ ನೋಡಿಕೊಂಡು ಹೋಗಿ, ಅವಳ ಹತ್ತಿರ ನಾನು ಮಾತಾಡುವುದಕ್ಕಿಂತ ನೀವೇ ಕೇಳಿದರೆ ಒಳ್ಳೆಯದು ಎಂದು ಟೀವಿಯ ಕಡೆ ತಿರುಗಿದ. ದೇಸಿಂಗು ಎಣ್ಣೂರಿನಿಂದ ಬೆಳಗಿನ ರೈಲು ಹಿಡಿದು ಆಗಲೇ ಬಂದಿದ್ದ. ಐವತ್ತೈದು ದಾಟಿದವನು, ಬಾಯಲ್ಲಿ ಯಾವಾಗಲೂ ಎರಡು ಸ್ಕ್ರೂ. ಅವನನ್ನು ತೂತಿಗೆ ಬಡಿಯುವ ತಗಡಿನ ಮುಚ್ಚಳ ಕತ್ತರಿಸಲು ತಾರಸಿಗೆ ಕಳಿಸಿ, ಸಿದ್ಧಲಿಂಗೇಶ್ ಪ್ಯಾಸೇಜಿನ ಕೊನೆಯ ಬಾಗಿಲಿನ ಮುಂದೆ ನಿಂತ. ಎರಡು ವರ್ಷದ ಹಿಂದೆ ಇದೇ ಬಾಗಿಲಿನ ಮುಂದೆ ನಕ್ಷೆ ಸುರುಳಿ ಹಿಡಿದು ನಿಂತಿದ್ದ.

ಆಗ ವಿಠ್ಠಲನ ತಾಯಿ ಗೋದಾಬಾಯಿ ಕುರ್ಚಿಯಲ್ಲಿ ಕೂತು, ನಕ್ಷೆಯ ಮೇಲೆ ಒಂದು ಬೆರಳಿಟ್ಟು, ಈ ಗೆರೆ ಎಲ್ಲಿಂದ ಬರುತ್ತದೆ ಎಂದು ಕೇಳಿದ್ದಳು. ಯಂತ್ರದಿಂದ ಎಂದ. ಯಂತ್ರಕ್ಕೆ ಗಾಳಿ ಎಲ್ಲಿಂದ ಬರುತ್ತದೆ? ಎಲ್ಲ ಕೋಣೆಗಳಿಂದ, ಅಮ್ಮ, ಹೋದ ಗಾಳಿಯೇ ಮತ್ತೆ ತಣ್ಣಗಾಗಿ ಬರುತ್ತದೆ. ಅಂದರೆ ಕಕ್ಕಸಿನ ಮುಂದಿನದ್ದೂ, ಹಾಲಿನಲ್ಲಿ ಕೂತು ಹೊರಗಿನಿಂದ ತರಿಸಿ ತಿನ್ನುವವರದ್ದೂ, ಎಲ್ಲರ ಉಸಿರೂ ದೇವರ ಮುಂದೆ ಬರುತ್ತದೆ ಎಂದಾಯಿತು ಎಂದಳು. ಪ್ರಶ್ನೆ ತಾಂತ್ರಿಕವಾಗಿ ಸರಿಯಾಗಿತ್ತು. ಅವನ ಆಫೀಸಿನ ಯಜಮಾನ ಪಂಢರಿನಾಥನಿಗೂ ಅಷ್ಟು ಬೇಗ ಹೊಳೆಯುತ್ತಿರಲಿಲ್ಲ. ಅದಕ್ಕೇ ಅವನಿಗೆ ಕೋಪ ಬಂದಿತ್ತು. ವಿಠ್ಠಲ ನಾಚಿಕೊಂಡು, ಅವಳ ಕೋಣೆಗೆ ಪ್ರತ್ಯೇಕ ಚಿಕ್ಕ ಯಂತ್ರ ಇಡಿ ಎಂದ. ಅವಳ ಕೋಣೆಯ ಗಾಳಿ ಅವಳ ಕೋಣೆಯಲ್ಲೇ ಸುತ್ತಬೇಕು, ಹೊರಗಿನದ್ದು ಸೇರಬಾರದು. ಸರಿ ಎಂದು ಗುರುತು ಹಾಕಿಕೊಂಡ. ಆಮೇಲೆ ಅವಳು ಕೇಳಿದಳು, ನಿಮ್ಮದು ಯಾವ ಪೈಕಿ? ಹೆಸರಿನಲ್ಲೇ ಗೊತ್ತಾಗುತ್ತದೆ, ಆದರೂ ಅವನ ಬಾಯಿಂದ ಬರಬೇಕಿತ್ತು. ಹೇಳಿದ. ಹೇಳುವಾಗ ಬಲಗೈ ತಾನಾಗಿ ಎದೆಗೆ ಹೋಗಿ, ಅಲ್ಲಿ ಏನೂ ಸಿಗದೆ, ಅಂಗಿಯ ಗುಂಡಿ ಮುಟ್ಟಿ ಇಳಿಯಿತು. ಕಾಫಿ ಬಂತು. ವಿಠ್ಠಲನಿಗೆ ಸ್ಟೀಲಿನ ಲೋಟದಲ್ಲಿ, ಅವನಿಗೆ ಪೇಪರ್ ಕಪ್ಪಿನಲ್ಲಿ. ಪೇಪರ್ ಕಪ್ಪು ಸ್ವಚ್ಛ, ಆಧುನಿಕ. ಆಸ್ಪತ್ರೆಯಲ್ಲೂ ಅದರಲ್ಲೇ ಕೊಡುತ್ತಾರೆ. ಕುಡಿದು ಮುಗಿಸಿ, ಖಾಲಿ ಕಪ್ಪನ್ನು ಎಲ್ಲಿಡಬೇಕೆಂದು ತಿಳಿಯದೆ, ಮಡಿಚಿ ಪ್ಯಾಂಟಿನ ಜೇಬಿಗೆ ಹಾಕಿಕೊಂಡ. ಕೆಳಗಿಳಿದು ಬೈಕಿನ ಮೇಲೆ ಕೂತಾಗ ಜೇಬು ಒದ್ದೆಯಾಗಿತ್ತು. ಆ ಒದ್ದೆ ಈಗಲೂ ಕೆಲವೊಮ್ಮೆ ತೊಡೆಗೆ ತಗುಲುತ್ತದೆ. ಅವಮಾನವೆಂದರೆ ಅವಳು ಕಪ್ಪು ಕೊಟ್ಟದ್ದಲ್ಲ. ಅವನು ಅದನ್ನು ಜೇಬಿಗೆ ಹಾಕಿಕೊಂಡದ್ದು.

‘ಯಾರು? ಎಸಿಯವನಾ? ಬೆಲ್ಟು ಆಚೆ ಇಟ್ಟು ಕಾಲು ತೊಳ್ಕೊಂಡು ಬಾ’ ಎಂದಿತು ಒಳಗಿನ ಸ್ವರ. ಚರ್ಮದ್ದು ಒಳಗೆ ಬರಬಾರದು. ಬೆಲ್ಟು ಬಿಚ್ಚಿ ಹೊಸ್ತಿಲಿನ ಆಚೆ ಸುತ್ತಿಟ್ಟು ಕಾಲು ತೊಳೆದ. ಮೂವತ್ತೊಂಬತ್ತು ವರ್ಷದ ಮೆಕ್ಯಾನಿಕಲ್ ಪದವೀಧರ, ಒಂದು ಕೈಯಲ್ಲಿ ಟಾರ್ಚು, ಇನ್ನೊಂದು ಕೈಯಲ್ಲಿ ಪ್ಯಾಂಟು ಹಿಡಿದುಕೊಂಡು ಒಳಗೆ ಹೋದ. ಗೋದಾಬಾಯಿ ಆ ಕುರ್ಚಿಯಲ್ಲೇ ಇದ್ದಳು, ಎರಡು ವರ್ಷದಲ್ಲಿ ಕುರ್ಚಿ ದೊಡ್ಡದಾದಂತೆ ಕಂಡಿತು. ಮೂಲೆಯಲ್ಲಿ ದೀಪ. ಮೇಲೆ ಗೋಡೆಯಿಂದ ಗೋಡೆಗೆ ಬಿದಿರಿನ ಗಳ; ಅದರ ಮೇಲೆ ಬೆಳಿಗ್ಗೆ ಕೋಲಿನಿಂದ ಎತ್ತಿ ಹರವಿದ ಮಡಿ ಸೀರೆ, ಈಗ ಪೂರ್ತಿ ಒಣಗಿದ್ದು, ಗಾಳಿಗೆ ಮೆಲ್ಲಗೆ ಅಲುಗುತ್ತಿತ್ತು.

ಅವನನ್ನು ಸೋಲಿಸಿದ್ದು ಈ ಸೀರೆ. ನಕ್ಷೆ ಮಾಡುವಾಗ ಕೋಣೆಯ ಬಿಸಿಲು, ಗೋಡೆ, ಗಾಜು, ಒಂದು ದೀಪ, ಅಲ್ಲಾಡದೆ ಕೂರುವ ಒಬ್ಬ ಮುದುಕಿ ಎಲ್ಲವನ್ನೂ ಲೆಕ್ಕಕ್ಕೆ ತೆಗೆದುಕೊಂಡಿದ್ದ. ದಿನಾ ಒಂದು ಒಂಬತ್ತು ಗಜದ ಒದ್ದೆ ಸೀರೆ ಇದೇ ಕೋಣೆಯೊಳಗೆ ಒಣಗುತ್ತದೆ, ಅದರ ಅಷ್ಟೂ ನೀರನ್ನು ಯಂತ್ರ ಹೀರಬೇಕು ಎಂಬುದನ್ನು ಬಿಟ್ಟಿದ್ದ. ಅವಳು ಹೇಳಿರಲಿಲ್ಲವೆಂದಲ್ಲ. ಸೀರೆ, ಗಳ, ಕೋಲು ಎಂದು ಏನೋ ಹೇಳುತ್ತಿದ್ದಳು. ಅವನು ಪೇಪರ್ ಕಪ್ಪನ್ನು ನೋಡುತ್ತಿದ್ದ. ಕೊನೆಗೆ ಯಂತ್ರ ಚಾಲೂ ಮಾಡಿ ಒಪ್ಪಿಸುವ ದಿನ ಇಡೀ ಮನೆ ಇಪ್ಪತ್ನಾಲ್ಕು ಡಿಗ್ರಿಗೆ ಇಳಿದರೆ ಈ ಕೋಣೆ ಮಾತ್ರ ಇಪ್ಪತ್ತೆಂಟರಲ್ಲಿ ಜಿಗುಟಾಗಿ ನಿಂತಿತ್ತು. ಮನೆಯವರು ಮುದುಕಿಯೊಬ್ಬಳನ್ನು ಅವಳ ಕೋಣೆಯಲ್ಲಿ ಬಿಟ್ಟು ಮಠಕ್ಕೆ ಹೋಗಿದ್ದರು, ಬರುವುದರೊಳಗೆ ಸರಿಯಾಗಬೇಕಿತ್ತು. ಆಗ ಅವನು ದೇಸಿಂಗುವಿಗೆ ಹೇಳಿ, ಮನೆಯ ದೊಡ್ಡ ಡಕ್ಟಿನ ಪಕ್ಕೆಗೆ ತೂತು ಕೊರೆಸಿ, ಒಂದೂವರೆ ಅಡಿಯ ತುಂಡೊಂದರಿಂದ ಅದನ್ನು ಈ ಕೋಣೆಯ ಗಾಳಿ ಪೆಟ್ಟಿಗೆಗೆ ಜೋಡಿಸಿದ. ಹತ್ತು ನಿಮಿಷದಲ್ಲಿ ಕೋಣೆ ತಣ್ಣಗಾಯಿತು. ನಕ್ಷೆಯಲ್ಲಿ ಅದು ಇರಲಿಲ್ಲವಾದ್ದರಿಂದ ಮರುದಿನ ಉಳಿದ ಸಂದುಗಳನ್ನು ಮುಚ್ಚಲು ಬಂದ ಇನ್ಸುಲೇಶನ್ನಿನವರು ಅದಕ್ಕೆ ಹೊದಿಕೆ ಹಾಕಲಿಲ್ಲ. ಬೇರೆ ದಾರಿಯಿತ್ತು: ತಪ್ಪಾಗಿದೆ, ದೊಡ್ಡ ಯಂತ್ರ ತರಿಸಬೇಕು ಎನ್ನಬಹುದಿತ್ತು. ಆದರೆ ಆ ತುಂಡು ಕೂತ ಕ್ಷಣದಲ್ಲಿ ಅವನಿಗಾದ ಸಂತೋಷ ತಪ್ಪು ಮುಚ್ಚಿದ ಸಂತೋಷವಾಗಿರಲಿಲ್ಲ. ಹಾಲಿನ ಮಧ್ಯೆ, ಸೀಲಿಂಗಿನ ಗಾಳಿಕಿಂಡಿಯ ಕೆಳಗೆ ನಿಂತು, ಕನ್ನಡ ತಿಳಿಯದ ದೇಸಿಂಗುವಿನ ಎದುರು, ತಾಯಿಯ ಜೊತೆ ಮಾತ್ರ ಆಡುವ ಊರ ಭಾಷೆಯಲ್ಲಿ, ಗಟ್ಟಿಯಾಗಿ ಒಂದು ಮಾತು ಹೇಳಿದ್ದ. ದೇಸಿಂಗು ಏನು ಸಾರ್ ಎಂದಾಗ ಏನಿಲ್ಲ ಎಂದಿದ್ದ.

ಏಣಿ ಹತ್ತಿ, ಬಚ್ಚಲಿನ ಬಾಗಿಲ ಮೇಲಿನ ಮುಚ್ಚಳ ಸರಿಸಿ, ತಲೆ ಮತ್ತು ಭುಜವನ್ನು ಕತ್ತಲೊಳಗೆ ತೂರಿಸಿದ. ಅವನ ಪ್ರಪಂಚ ಇದು. ಜನ ಬದುಕುವುದಕ್ಕೂ ಕಾಂಕ್ರೀಟಿಗೂ ನಡುವೆ ಎರಡಡಿ, ಧೂಳು, ಕಪ್ಪು ರಬ್ಬರು ಹೊದ್ದು ಮಲಗಿದ ಡಕ್ಟುಗಳು. ಇಲ್ಲಿಯ ಮೌನ ಅವನಿಗೆ ಯಾವ ಮನೆಯಲ್ಲೂ ಸಿಗದ ಮೌನ. ಟಾರ್ಚು ಹಾಕಿದ. ಎಲ್ಲ ಕಪ್ಪಾಗಿ, ಒಣಗಿ, ಅಚ್ಚುಕಟ್ಟಾಗಿದ್ದವು. ಪ್ರತಿಯೊಂದರ ಮೇಲೂ ಬಿಳಿ ಮಾರ್ಕರಿನಲ್ಲಿ ಬಾಣ, ಯಾವ ಕೋಣೆಗೆ ಹೋಗುತ್ತದೆಂಬ ಹೆಸರು. ಮಧ್ಯೆ ಒಂದೂವರೆ ಅಡಿ ಬೆತ್ತಲೆ ತಗಡು, ಹೆಸರಿಲ್ಲದ್ದು, ಜ್ವರ ಬಿಟ್ಟ ಮೈಯಂತೆ ಹನಿ ಹನಿ ಬೆವರಿತ್ತು. ಒಂದು ಹನಿ ತುದಿಗೆ ಬಂದು ನಿಂತು, ಬಿತ್ತು. ಕೆಳಗೆ ಅವನ ಕಾಲುಗಳು ಗೋದಾಬಾಯಿಯ ಕೋಣೆಯಲ್ಲಿದ್ದವು. ಅವಳು ಕಾಲುಗಳನ್ನುದ್ದೇಶಿಸಿ ಮಾತಾಡಿದಳು.

‘ಅದನ್ನ ತೆಗೆದುಬಿಡ್ತೀಯಾ?’

‘ಯಾವುದನ್ನ ಅಮ್ಮ?’

‘ಹಾಲಿಂದ ಇಲ್ಲಿಗೆ ಸೇರಿಸಿದೀಯಲ್ಲ. ಅದನ್ನ.’

ಪ್ಯಾಂಟು ಸ್ವಲ್ಪ ಜಾರಿತು. ಹಿಡಿಯಲು ಕೈ ಬಿಡುವಿರಲಿಲ್ಲ. ದೇಸಿಂಗು ಹೇಳಿಬಿಟ್ಟನೇ? ಅವನಿಗೆ ಹೇಳುವ ಭಾಷೆಯಿತ್ತು, ಆದರೆ ಕಾರಣವಿರಲಿಲ್ಲ. ಯಾರು ಹೇಳಿದರು ಎಂದು ಕೇಳಿದ ತನ್ನ ಸ್ವರ ತಗಡಿಗೆ ಬಡಿದು ಬೇರೆ ಯಾರದೋ ಆಗಿ ಕೇಳಿಸಿತು.

‘ನೀನೇ ಹೇಳಿದೆ. ಆವತ್ತು’ ಎಂದಳು. ಆಮೇಲೆ, ಎಪ್ಪತ್ತು ವರ್ಷದ ಮದರಾಸಿನ ನಾಲಿಗೆಯನ್ನು ಬದಿಗಿಟ್ಟು, ಒಂದಕ್ಷರ ತಪ್ಪದೆ, ಅವನ ಊರಿನ ಎಳೆತದಲ್ಲೇ ಹೇಳಿದಳು: ‘ಕುಡಿ ಬೇ ಮುದುಕಿ, ಎಲ್ಲಾರ ಎಂಜಲ ಗಾಳಿ ಕುಡಿ. ಬೆಳ್ಳಿ ಲೋಟದಾಗ ಹಾಕ್ಕೊಂಡು ಕುಡಿ.’

ತಣ್ಣಗಿನ ತಗಡಿಗೆ ಹಣೆ ತಗುಲಿತು. ಮಾತು ಡಕ್ಟಿನೊಳಗೆ ಹರಿಯುತ್ತದೆ. ಈ ಕೆಲಸದಲ್ಲಿ ಮೊದಲು ಕಲಿಸುವುದೇ ಅದು. ವಿಠ್ಠಲ ಸುಮೇಧಾರ ಪಿಸುಮಾತಿಗೆ ಅಸ್ತರು ಹಾಕಿಸಿದವನು, ದ್ವೇಷದ ಭರದಲ್ಲಿ ಈ ಒಂದು ತುಂಡನ್ನು ಬರೀ ತಗಡಾಗಿ, ಬರೀ ಕಿವಿಯಾಗಿ ಬಿಟ್ಟುಬಂದಿದ್ದ. ಹದಿನಾಲ್ಕು ತಿಂಗಳು. ಈ ಹೆಂಗಸು ಅವನ ವಾಕ್ಯವನ್ನು ತನ್ನ ಕೋಣೆಯಲ್ಲಿಟ್ಟುಕೊಂಡು, ಅವನಿಗಿಂತ ಚೆನ್ನಾಗಿ ಕಾಪಾಡಿದ್ದಳು. ಮತ್ತೆ ನಿಮ್ಮ ಮಗನಿಗೆ ಯಾಕೆ ಹೇಳಲಿಲ್ಲ ಎಂದು ಕೇಳಿದ. ಕೇಳಿದ್ದು ತನಗೇ ಅಸಹ್ಯವಾಯಿತು. ಕದ್ದವನು ಯಾಕೆ ಪೊಲೀಸಿಗೆ ಹೇಳಲಿಲ್ಲ ಎಂದು ಕೇಳಿದ ಹಾಗೆ.

ಹೇಳಬೇಕೆಂದೇ ಇದ್ದಳಂತೆ. ಅವತ್ತು ಎರಡು ಸಲ ಸ್ನಾನ ಮಾಡಿ, ಊಟ ಬಿಟ್ಟು, ಸಂಜೆ ವಿಠ್ಠಲ ಬರಲಿ ಎಂದು ಕಾದು ಕೂತಳಂತೆ. ಏಳು ಗಂಟೆಗೆ ಅವರೆಲ್ಲ ಬಂದು ಹಾಲಿನಲ್ಲಿ ಕೂತರು, ಇವಳ ಕೋಣೆಯ ಮೇಲಿನ ಕಿಂಡಿಯಿಂದ ಅವರ ಸ್ವರ ಇಳಿಯತೊಡಗಿತು. ಸುಮೇಧಾಳ ಆಫೀಸಿನಲ್ಲಿ ಯಾರಿಗೋ ಬಡ್ತಿ, ಮೊಮ್ಮಗಳಿಗೆ ಲೆಕ್ಕದಲ್ಲಿ ಕಡಿಮೆ ಅಂಕ, ವಿಠ್ಠಲನ ಮಂಡಿನೋವು. ಮಂಡಿನೋವು ಇರುವುದು ಅವಳಿಗೆ ಅವತ್ತೇ ಗೊತ್ತಾದದ್ದು. ನಾಳೆ ಹೇಳೋಣ ಎಂದುಕೊಂಡಳು. ಇದನ್ನೆಲ್ಲ ಅವಳು ಹೇಳಿದ್ದು ತರಕಾರಿಯವನ ಹತ್ತಿರ ಮಾತಾಡುವ ಸ್ವರದಲ್ಲಿ, ನಡುನಡುವೆ ನಿಲ್ಲಿಸಿ. ಅವನು ಏಣಿಯ ಮೇಲೆ ಅರ್ಧ ಕತ್ತಲಲ್ಲಿ, ಅರ್ಧ ಅವಳ ಮುಂದೆ, ಕೇಳುತ್ತ ನಿಂತಿದ್ದ. ಮುದುಕಿ ಕದ್ದು ಕೇಳುತ್ತಾಳೆ, ಅಷ್ಟೇ, ಎಂದು ಅವಳನ್ನು ಚಿಕ್ಕವಳಾಗಿಸಲು ನೋಡಿದ. ಸೊಸೆ ತನ್ನನ್ನು ಬೈಯುವುದನ್ನು ಕೇಳುವ ಚಪಲ.

‘ಒಂದು ಹೇಳ್ತೀನಿ ಕೇಳು’ ಎಂದಳು. ‘ಇಷ್ಟು ದಿನದಲ್ಲಿ ಆ ಹಾಲಲ್ಲಿ ನನ್ನ ಮಾತು, ನನ್ನ ಪೇಚ್ಚು, ಯಾರೂ ಎತ್ತಿಲ್ಲ. ಬೈದೂ ಇಲ್ಲ, ಏನೂ ಇಲ್ಲ, ಒಣ್ಣುಂ ಇಲ್ಲ. ನನ್ನ ಬಗ್ಗೆ ಅಲ್ಲಿ ನಿಂತು ಮಾತಾಡಿದವನು ನೀನೊಬ್ಬನೇ.’

ಮೇಲೆ ಇನ್ನೊಂದು ಹನಿ ತುದಿಗೆ ಬಂದಿತ್ತು. ಅದು ಬೀಳುವ ತನಕ ಅವನು ಅದನ್ನೇ ನೋಡಿದ.

‘ನೀರು ಬೀಳೋದು ನಿಲ್ಲಿಸು. ಅದನ್ನ ಹಾಗೇ ಬಿಡು.’

‘ಮಡಿ?’ ಎಂದ ಅವನು. ಚುಚ್ಚಬೇಕೆಂದೇ ಕೇಳಿದ್ದ.

‘ಅದು ನನ್ನದು, ನಾನು ನೋಡ್ಕೋತೀನಿ. ನಿನಗ್ಯಾಕೆ?’

ಸೋಮವಾರ ತಿರುಮಲ ಸೀಲಿಂಗು ಒಡೆಸುತ್ತಾರೆ, ಇದು ಇಲ್ಲೇ ಇದ್ದರೆ ನಾನು ಸಿಕ್ಕಿಬೀಳುತ್ತೇನೆ, ಈಗ ತೆಗೆದರೆ ಯಾರಿಗೂ ತಿಳಿಯುವುದಿಲ್ಲ, ಕೆಲಸವೇ ಹೋಗಬಹುದು ಎಂದ. ಹೇಳುತ್ತಿದ್ದಂತೆ ಇದು ಬೇಡಿಕೆಯಾಗುತ್ತಿದೆಯೆಂದು ಗೊತ್ತಾಯಿತು.

‘ಸಿಕ್ಕಿಬೀಳು’ ಎಂದಳು ಗೋದಾಬಾಯಿ.

ಇಳಿದು ಬಂದಾಗ ಅವಳು ಅವನತ್ತ ನೋಡುತ್ತಿರಲಿಲ್ಲ. ಹೊಸ್ತಿಲಿನ ಆಚೆ, ಅವನ ಬೆಲ್ಟಿನ ಪಕ್ಕದಲ್ಲಿ, ಅಡಿಗೆಯವಳು ಕಾಫಿ ಇಟ್ಟುಹೋಗಿದ್ದಳು. ಪೇಪರ್ ಕಪ್ಪು. ಇಷ್ಟೆಲ್ಲ ಆದ ಮೇಲೂ ಪೇಪರ್ ಕಪ್ಪು. ಒಂದು ಕ್ಷಣ ಅವನಿಗೆ ನಗು ಬಂತು, ಅವಳ ಮೇಲೆ ಮೆಚ್ಚುಗೆಯಂಥದ್ದು ಬಂತು. ಅವಳು ಒಂದಿಷ್ಟೂ ಕರಗಿರಲಿಲ್ಲ, ಅವನಿಂದಲೂ ಅದನ್ನು ಕೇಳಿರಲಿಲ್ಲ. ನೆಲದ ಮೇಲೆ ಕೂತು, ಆರುವ ಮೊದಲೇ, ಪೂರ್ತಿ ಕುಡಿದ. ಈ ಸಲ ಖಾಲಿ ಕಪ್ಪನ್ನು ಅಲ್ಲೇ ಹೊಸ್ತಿಲಿನ ಮೇಲೆ ಇಟ್ಟ.

ದೇಸಿಂಗು ಎರಡು ಮುಚ್ಚಳ ಹಿಡಿದು ಬಂದು, ‘ಮೂಡಿ ರೆಡಿ ಸಾರ್, ಪೋಟ್ಟುಡಲಾಮಾ?’ ಎಂದು ಬಡಿಯಲು ಅಪ್ಪಣೆ ಕೇಳಿದ. ಬೇಡ, ರಬ್ಬರು ಹಾಳೆ ತಾ ಎಂದ ಸಿದ್ಧಲಿಂಗೇಶ್. ದೇಸಿಂಗು ಮುಚ್ಚಳಗಳನ್ನು ನೋಡಿ, ಅವನನ್ನು ನೋಡಿ, ಹದಿನಾಲ್ಕು ತಿಂಗಳು ಬೆತ್ತಲೆಯಾಗಿ ಮಲಗಿಸಿದಿರಿ, ಈಗ ಹೆಣಕ್ಕೆ ಕೋಟು ಹೊಲಿಸುತ್ತೀರಾ ಎಂದು ತಮಿಳಿನಲ್ಲಿ ಗೊಣಗಿ, ಬಾಯಿಂದ ಸ್ಕ್ರೂಗಳನ್ನು ಉಗುಳಿಕೊಂಡ. ಹೊದಿಕೆಯನ್ನು ಸಿದ್ಧಲಿಂಗೇಶ್ ತಾನೇ ಹಾಕಿದ. ತಗಡನ್ನು ಒಣಬಟ್ಟೆಯಿಂದ ಮೂರು ಸಲ ಒರೆಸಿದ. ದೊಡ್ಡ ಯಂತ್ರವನ್ನು ಅರ್ಧ ಗಂಟೆ ನಿಲ್ಲಿಸಿ ತಗಡು ಬೆಚ್ಚಗಾಗಲು ಬಿಟ್ಟ. ಒದ್ದೆಯ ಮೇಲೆ ಅಂಟು ಹಿಡಿಯುವುದಿಲ್ಲ, ಹಿಡಿದಂತೆ ನಟಿಸುತ್ತದೆ. ಒಂದು ಅಂಗುಲ ದಪ್ಪದ ಹಾಳೆಯನ್ನು ಅಳೆದು, ಸ್ವಲ್ಪ ಹೆಚ್ಚಾಗಿಯೇ ಕತ್ತರಿಸಿ, ಎರಡೂ ಕಡೆ ಅಂಟು ಸವರಿ, ಬೆರಳಿಗೆ ಎಳೆ ಬರುವ ತನಕ ಕಾದು, ಎಳೆಯದೆ ಒತ್ತಿ ಕೂರಿಸಿದ. ಎಳೆದು ಅಂಟಿಸಿದ್ದು ತಿಂಗಳಾಗುವುದರೊಳಗೆ ಬಾಯಿ ಬಿಡುತ್ತದೆ. ಮೂಲೆ, ಸಂದು, ಹೊಲಿಗೆ, ಎಲ್ಲದರ ಮೇಲೂ ಟೇಪು ಎಳೆದು ಅಂಗೈಯಿಂದ ಉಜ್ಜಿದ. ವರ್ಷಗಳ ಮೇಲೆ ಇಷ್ಟು ಶ್ರದ್ಧೆಯಿಂದ ಏನನ್ನೂ ಮಾಡಿರಲಿಲ್ಲ. ಆ ಶ್ರದ್ಧೆ ಯಾರಿಗೂ ಕಾಣದ ಜಾಗದಲ್ಲೇ ಬರುತ್ತದೆಂಬುದು ಅವನಿಗೆ ಹೊಸದೇನಲ್ಲ. ಕೊನೆಗೆ ಬಿಳಿ ಮಾರ್ಕರು ತೆಗೆದು, ಉಳಿದ ಡಕ್ಟುಗಳ ಮೇಲಿರುವಂತೆಯೇ, ‘ಹಾಲ್’ ಎಂದು ಬರೆದು, ಬಾಣ ಎಳೆದು, ಮುಂದೆ ‘ಗೋದಾಬಾಯಿ’ ಎಂದು ಬರೆದ. ಕೆಳಗೆ ತನ್ನ ಸಹಿ, ತಾರೀಖು. ಸೋಮವಾರ ಬರುವ ತಿರುಮಲನಿಗೆ ಓದಲು ಕಷ್ಟವಾಗಬಾರದು.

ಹಾಲಿನಲ್ಲಿ ಅವನು ಕೂರಲಿಲ್ಲ. ಕಿಂಡಿಯ ಕೆಳಗೆ, ಅವತ್ತು ನಿಂತಿದ್ದ ಜಾಗದಲ್ಲೇ ನಿಂತ. ವಿಠ್ಠಲ ಟೀವಿಯ ಸದ್ದು ತಗ್ಗಿಸಿದ. ಸಿದ್ಧಲಿಂಗೇಶ್ ಹೇಳಿದ: ನಿಮ್ಮ ತಾಯಿಯ ಕೋಣೆಯ ಲೆಕ್ಕ ನಾನು ತಪ್ಪು ಮಾಡಿದೆ, ಅವರ ಒದ್ದೆ ಸೀರೆಯನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. ತಣ್ಣಗಾಗದಿದ್ದಾಗ ನಿಮ್ಮ ಹಾಲಿನ ಗಾಳಿಯನ್ನೇ ಅವರ ಕೋಣೆಗೆ ಸೇರಿಸಿದೆ. ಅವರಿಗೆ ಅದು ಬೇಡವೆಂದು ಗೊತ್ತಿತ್ತು. ಗೊತ್ತಿದ್ದೇ, ಹಠಕ್ಕೆ ಮಾಡಿದೆ. ಪ್ರತಿ ಮಾತನ್ನೂ ಬಿಡಿಬಿಡಿಯಾಗಿ, ಸ್ವಲ್ಪ ಮುಖವೆತ್ತಿ ಹೇಳಿದ. ವಿಠ್ಠಲನಿಗೆ ಅದು ಅಹಂಕಾರದಂತೆ ಕಂಡಿರಬೇಕು. ಅವನು ಕಾದ. ಬೈಗುಳ ಬಂದರೆ ಅದನ್ನು ತೆಗೆದುಕೊಳ್ಳಲು ಮೈಯೆಲ್ಲ ಸಿದ್ಧವಾಗಿತ್ತು.

ವಿಠ್ಠಲ ನಕ್ಕುಬಿಟ್ಟ. ‘ಇಷ್ಟೇನಾ ಸಾರ್? ನಾನು ಏನೋ ಪೈಪೇ ಒಡೆದುಹೋಯ್ತು ಅಂತ ಇದ್ದೆ.’ ಲೀಕು ನಿಂತರೆ ಸಾಕು, ತಿರುಮಲನಿಗೆ ಬರಬೇಡ ಎನ್ನುತ್ತೇನೆ, ಕಲೆಗೆ ಒಂದು ಕೋಟು ಬಣ್ಣ ಹೊಡೆಸಿಕೊಡಿ ಎಂದ. ಹದಿನಾಲ್ಕು ತಿಂಗಳು ಸಿದ್ಧಲಿಂಗೇಶ್ ಹೊತ್ತು ತಿರುಗಿದ ಪಾಪ ಆ ಸೋಫಾದ ಮುಂದೆ ಒಂದು ಕೋಟು ಬಣ್ಣದಷ್ಟಾಯಿತು. ಇವನ ಮುಂದೆ ಪಾಪಿಯಾಗಲು ಕೂಡ ಸಾಧ್ಯವಿಲ್ಲ. ಸುಮೇಧಾ ಚಳಿಯೆಂದು ಲ್ಯಾಪ್‌ಟಾಪಿನಿಂದ ಕಣ್ಣೆತ್ತದೆ ರಿಮೋಟು ಒತ್ತಿದಳು. ಗಾಳಿ ನಿಂತಿತು.

‘ಗಾಳಿ ಗಾಳಿನೇ ಅಲ್ವಾ? ಅಮ್ಮಂಗೆ ಮಾತ್ರ ಹೇಳಬೇಡಿ’ ಎಂದ ವಿಠ್ಠಲ. ‘ಅವಳಿಗೆ ಏನು ತಿಳಿಯತ್ತೆ, ಪಾವಂ.’

ಗಾಳಿ ನಿಂತ ಆ ಮೌನದಲ್ಲಿ, ತಲೆಯ ಮೇಲಿನ ಕಿಂಡಿಯಿಂದ ಟಕ್ ಎಂದಿತು. ಸ್ವಲ್ಪ ಬಿಟ್ಟು ಮತ್ತೆ, ಟಕ್, ಟಕ್. ಬಿದಿರಿನ ಗಳಕ್ಕೆ ಕೋಲು ತಗುಲುವ ಸದ್ದು, ತಾಳ ತಪ್ಪದೆ, ಹತ್ತಿರದಲ್ಲೇ, ಹಾಲಿನೊಳಗೇ ಯಾರೋ ನಿಂತು ಬಡಿದಂತೆ. ಸೀರೆ ಆಗಲೇ ಒಣಗಿತ್ತು, ಹರವಲು ಬೇರೆ ಏನೂ ಇರಲಿಲ್ಲ. ಸದ್ದು ಎರಡೂ ಕಡೆ ಹರಿಯುತ್ತದೆಂದು ಗೊತ್ತಿದ್ದೂ ಬಾಣ ಒಂದೇ ಕಡೆಗೆ ಎಳೆದಿದ್ದ ಸಿದ್ಧಲಿಂಗೇಶ್ ತಲೆಯೆತ್ತಲಿಲ್ಲ. ಸುಮೇಧಾಳ ಬೆರಳು ಕೀಲಿಮಣೆಯ ಮೇಲೆ ನಿಂತಿತು. ವಿಠ್ಠಲ ಸೋಫಾದಿಂದ ಅರ್ಧ ಎದ್ದು, ಕಿಂಡಿಯನ್ನು ನೋಡಿ, ‘ಏನದು? ಯಾರು?’ ಎಂದ.

‘ನಿಮ್ಮ ಅಮ್ಮ’ ಎಂದ ಸಿದ್ಧಲಿಂಗೇಶ್.